ಕಷಾಯದ ಲೆಕ್ಕ

ವಾಯುವಿಳಂಗ, ಹಿಪ್ಪಲಿ, ಬಿಳಿಗಾರ. ರಾಜಾಜಿನಗರವಾಗಲಿ, ವಿಜಯನಗರವಾಗಲಿ, ಕೆಂಗೇರಿಯ ಹಳೆಯ ಪೇಟೆಯಾಗಲಿ, ಒಂದು ಒಳ್ಳೆಯ ಗ್ರಂಥಿಗೆ ಅಂಗಡಿಗೆ ಹೋಗಿ ಕೇಳಿದರೆ ಈ ಮೂರೂ ಸಿಗುತ್ತವೆ. ಹಿಪ್ಪಲಿಯನ್ನು ಕೆಮ್ಮಿಗೆಂದು ಒಯ್ಯುತ್ತಾರೆ, ವಾಯುವಿಳಂಗವನ್ನು ಮಕ್ಕಳ ಜಂತುಹುಳುವಿಗೆಂದು, ಬಿಳಿಗಾರವನ್ನು ಬಾಯಿಹುಣ್ಣಿಗೆಂದು. ಮೂರನ್ನೂ ಸೇರಿಸಿದರೆ ಬೇರೊಂದೇ ಔಷಧವಾಗುತ್ತದೆ ಎಂದು ‘ಯೋಗರತ್ನಾಕರ’ದಂತಹ ಮಧ್ಯಕಾಲದ ಆಯುರ್ವೇದ ಸಂಗ್ರಹಗಳು ಹೇಳಿವೆ. ಅದು ಗರ್ಭ ಕಟ್ಟದಂತೆ ತಡೆಯುವ ಔಷಧ. ವಿಜಯನಗರದ ಆರ್‌ಪಿಸಿ ಬಡಾವಣೆಯಂತಹ ಕಡೆ ಆಯುರ್ವೇದ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗಳಿಗೆ ಈ ಯೋಗದ ಹೆಸರು ಪಾಠದಲ್ಲೇ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದನ್ನು ಗಂಭೀರವಾಗಿ ಪರೀಕ್ಷಿಸಿತು. ಅದರಿಂದ ತಿಳಿದುಬಂದದ್ದನ್ನು ಅಂಗಡಿಯ ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ.

ಗುಟ್ಟಾಗಿ ಕುಡಿದು ಚಿಂತೆ ಕಳೆದುಕೊಳ್ಳುವ ಒಂದು ಲೋಟ ಕಷಾಯದ ಕನಸು ಎಲ್ಲ ಕಾಲದಲ್ಲೂ ಇತ್ತು. ಉತ್ತರ ಆಫ್ರಿಕದ ಸೈರೀನ್ ಪಟ್ಟಣ ಸಿಲ್ಫಿಯಂ ಎಂಬ ಗಿಡದ ವ್ಯಾಪಾರದಿಂದಲೇ ಸಿರಿವಂತವಾಯಿತು, ಅದರ ಚಿತ್ರವನ್ನು ನಾಣ್ಯದ ಮೇಲೂ ಅಚ್ಚೊತ್ತಿಸಿತು. ಬಸಿರು ತಡೆಯಲು ಆ ಗಿಡದ ರಸವನ್ನು ಹೆಂಗಸರು ಕುಡಿಯುವ ಬಗ್ಗೆ ಎರಡನೆಯ ಶತಮಾನದ ವೈದ್ಯ ಸೊರೇನಸ್ ಬರೆದಿದ್ದಾನೆ. ಆದರೆ ಅವನ ಕಾಲಕ್ಕೆ ಮೊದಲೇ ಗಿಡ ಕಣ್ಮರೆಯಾಗುತ್ತ ಬಂದಿತ್ತು. ಸಿಕ್ಕ ಕೊನೆಯ ಒಂದು ಕಾಂಡವನ್ನು ನೀರೋ ಚಕ್ರವರ್ತಿಗೆ ಕಳಿಸಿದರು ಎನ್ನುತ್ತಾನೆ ರೋಮಿನ ಲೇಖಕ ಪ್ಲೀನಿ. ಕಲ್ಪನೆಯ ಲೋಕಗಳಲ್ಲೂ ಇದೇ ಕನಸು ಇದೆ. ಜಾರ್ಜ್ ಆರ್. ಆರ್. ಮಾರ್ಟಿನ್ ಕಟ್ಟಿದ ವೆಸ್ಟರೋಸ್ ಎಂಬ ಜಗತ್ತಿನಲ್ಲಿ ರಾಣಿಯಿಂದ ಹಿಡಿದು ವೇಶ್ಯೆಯವರೆಗೆ ಹೆಂಗಸರು ‘ಚಂದ್ರನ ಚಹಾ’ ಕುಡಿಯುತ್ತಾರೆ. ಟ್ಯಾನ್ಸಿ, ಪುದೀನ, ವರ್ಮ್‌ವುಡ್, ಒಂದಿಷ್ಟು ಜೇನು, ಒಂದು ತೊಟ್ಟು ಪೆನ್ನಿರಾಯಲ್ ಸೇರಿದರೆ ಆ ಚಹಾ. ಕಾದಂಬರಿಯಲ್ಲಿ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

ಈ ಗಿಡಗಳಲ್ಲಿ ಒಂದೂ ಲೇಖಕ ಹುಟ್ಟಿಸಿದ್ದಲ್ಲ. ವರ್ಮ್‌ವುಡ್‌ನ ಹತ್ತಿರದ ನೆಂಟರು ಬೆಂಗಳೂರಿನ ಪ್ರತಿ ಹೂವಿನ ಮಾರುಕಟ್ಟೆಯಲ್ಲೂ ಇದ್ದಾರೆ. ಮಲ್ಲಿಗೆ ದಂಡೆಯ ನಡುವೆ ಹಸಿರಾಗಿ ಸೇರಿಸಿ ಕಟ್ಟುವ ದವನ ಮತ್ತು ಮಾಚಿಪತ್ರೆ ಎರಡೂ ಆರ್ಟಿಮೀಸಿಯ ಕುಲಕ್ಕೇ ಸೇರಿದವು. ಪೆನ್ನಿರಾಯಲ್ ಯುರೋಪಿನ ಒಂದು ಪುದೀನ. ಅದರ ಎಣ್ಣೆಯಲ್ಲಿ ಪುಲೆಗೋನ್ ಎಂಬ ರಾಸಾಯನಿಕವಿದೆ. ದೇಹದೊಳಗೆ ಹೋದಮೇಲೆ ಯಕೃತ್ತು ಅದನ್ನು ಹೊರಹಾಕಲು ಹೊರಟು ಮೆಂಥೊಫ್ಯುರಾನ್ ಎಂಬ ಇನ್ನಷ್ಟು ವಿಷದ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಯಕೃತ್ತಿನ ಕಾವಲಿಗಿರುವ ಗ್ಲುಟಥಯೋನ್ ಅದರಿಂದ ಬರಿದಾಗಿ, ಜೀವಕೋಶಗಳು ಸಾಯತೊಡಗುತ್ತವೆ. 1978ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ 18 ವರ್ಷದ ಯುವತಿಯೊಬ್ಬಳು ಗರ್ಭ ಇಳಿಸಿಕೊಳ್ಳಲು ಈ ಎಣ್ಣೆಯನ್ನು ಸುಮಾರು 30 ಮಿ.ಲೀ. ಕುಡಿದಳು. ಕೆಲವೇ ದಿನಗಳಲ್ಲಿ, ಆಸ್ಪತ್ರೆಯಲ್ಲಿದ್ದರೂ, ತೀರಿಕೊಂಡಳು. ಗರ್ಭಕೋಶವನ್ನು ಮಾತ್ರ ಮುಟ್ಟಿ ಉಳಿದ ಅಂಗಗಳನ್ನು ಬಿಟ್ಟುಬಿಡುವ ಜಾಣತನ ಇಂತಹ ಎಣ್ಣೆಗಳಿಗಿಲ್ಲ. ತಾಯಿಗೇ ವಿಷವೇರಿದಾಗ ಗರ್ಭ ಬಿದ್ದುಹೋದರೆ, ಅದನ್ನೇ ಔಷಧದ ಗುಣ ಎಂದು ಜನ ಓದಿಕೊಂಡರು.

ನಮ್ಮ ಬೇಲಿಗಳಲ್ಲೂ ಅಂಥವು ಬೇಕಾದಷ್ಟಿವೆ. ಅಗ್ನಿಶಿಖೆಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಅದು ಕೋಶವಿಭಜನೆಯನ್ನೇ ನಿಲ್ಲಿಸಿಬಿಡುವುದರಿಂದ ಮೊದಲು ಕರುಳು, ಆಮೇಲೆ ಮೂಳೆಮಜ್ಜೆ, ಮೂತ್ರಪಿಂಡ ಒಂದೊಂದಾಗಿ ಕೈಕೊಡುತ್ತವೆ. ಚಿತ್ರಮೂಲದ ಬೇರಿನ ಪ್ಲಂಬಾಜಿನ್ ಚರ್ಮಕ್ಕೆ ತಾಗಿದರೂ ಬೊಕ್ಕೆ ಏಳಿಸುತ್ತದೆ. ಅಂತಹ ಬೇರಿನ ಕಡ್ಡಿಯನ್ನು ಗರ್ಭಕೋಶದ ಬಾಯಿಗೆ ತೂರಿಸುವ ಪದ್ಧತಿ ಎಷ್ಟೋ ತಾಯಂದಿರ ಜೀವ ತೆಗೆದಿದೆ.

ಹಾಗಿದ್ದರೆ ಕಷಾಯಕ್ಕೆ ಇಷ್ಟು ಹೆಸರು ಬಂದದ್ದು ಹೇಗೆ? ಬಹುಪಾಲು ಉತ್ತರ ಸಸ್ಯಶಾಸ್ತ್ರದಲ್ಲಿಲ್ಲ, ಲೆಕ್ಕದಲ್ಲಿದೆ.

ವಯಸ್ಸಿನಲ್ಲಿರುವ, ಆರೋಗ್ಯವಂತ ದಂಪತಿ ಏನೂ ತಡೆಯಿಲ್ಲದೆ ಕೂಡಿದರೂ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ ನೂರಕ್ಕೆ ಹೆಚ್ಚೆಂದರೆ 25. ನೂರು ಜನ ಹೆಣ್ಣುಮಕ್ಕಳಿಗೆ ಬರೀ ಜೀರಿಗೆ ನೀರು ಕೊಟ್ಟು ‘ಇದು ಬಸಿರು ತಡೆಯುತ್ತದೆ’ ಎಂದು ನಂಬಿಸಿದರೂ ತಿಂಗಳ ಕೊನೆಯಲ್ಲಿ 75 ಜನ ಹೌದು ಎನ್ನುತ್ತಾರೆ. ಮೂರು ತಿಂಗಳು ಕಳೆದ ಮೇಲೂ ಸುಮಾರು 40 ಜನ ಆ ಮಾತಿಗೆ ಸಾಕ್ಷಿಯಾಗಿ ಉಳಿದಿರುತ್ತಾರೆ. ಬಸಿರಾದವರು ಪಥ್ಯ ತಪ್ಪಿತು, ಬೇರು ಹಳತಾಗಿತ್ತು, ಕುಡಿದ ಹೊತ್ತು ಸರಿಯಿರಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಆಗದವರು ಅಕ್ಕನಿಗೆ, ನಾದಿನಿಗೆ, ಪಕ್ಕದ ಮನೆಯವಳಿಗೆ ಕಷಾಯದ ಗುಟ್ಟು ಹೇಳುತ್ತಾರೆ. ಏನೂ ಮಾಡದ ಔಷಧ ಹೀಗೆ ತಲೆಮಾರುಗಳನ್ನು ದಾಟುತ್ತದೆ.

ಮುಟ್ಟು ತಡವಾದಾಗ ಕುಡಿಯುವ ಕಷಾಯದ ಲೆಕ್ಕ ಇನ್ನೂ ಮೋಸದ್ದು. ಕೆಲಸದ ಒತ್ತಡ, ಪ್ರಯಾಣ, ಥೈರಾಯ್ಡ್, ಅಂಡಾಶಯದ ಏರುಪೇರು, ಹೀಗೆ ಯಾವ ಕಾರಣಕ್ಕಾದರೂ ಮುಟ್ಟು ಮುಂದೆ ಹೋಗುತ್ತದೆ, ಮತ್ತೆ ತಾನಾಗಿ ಬರುತ್ತದೆ. ನಿಜವಾಗಿ ಗರ್ಭ ಕಟ್ಟಿದ್ದರೂ ಅದು ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಅಮೆರಿಕದ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರ ಮೂತ್ರವನ್ನು ದಿನವೂ ಸಂಗ್ರಹಿಸಿ, ಗರ್ಭದ ಹಾರ್ಮೋನಿನ ಮೊದಲ ಸುಳಿವನ್ನೇ ಹಿಡಿದು 1988ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 22 ಗರ್ಭಗಳು ಬೇರೆ ರೀತಿಯಲ್ಲಿ ಗೊತ್ತಾಗುವ ಮೊದಲೇ ಕಳೆದುಹೋಗಿದ್ದವು. ಗೊತ್ತಾದ ಮೇಲೆ ಹೋದದ್ದನ್ನೂ ಸೇರಿಸಿದರೆ 31. ಎಳ್ಳು-ಬೆಲ್ಲವೋ ಪರಂಗಿಕಾಯಿಯೋ ಆ ವಾರ ಹೊಟ್ಟೆಗೆ ಹೋಗಿದ್ದರೆ, ದೇಹ ತಾನೇ ಮಾಡಿದ ಕೆಲಸದ ಕೀರ್ತಿ ಅದಕ್ಕೆ ಸಲ್ಲುತ್ತದೆ.

ಈ ಮಸುಕನ್ನು ದಾಟಲು ಪ್ರಯೋಗಾಲಯವೇ ಬೇಕು. ದೇಶದ ವಿಜ್ಞಾನಿಗಳು ಅಜ್ಜಿಯರ ಮಾತನ್ನು ಎಂದೂ ತಳ್ಳಿಹಾಕಲಿಲ್ಲ, ಬಹಳ ಗೌರವದಿಂದಲೇ ಪರೀಕ್ಷಿಸಿದರು. ಅವರಲ್ಲಿ ಕನ್ನಡ ಕರಾವಳಿಯ ಒಬ್ಬ ದೊಡ್ಡ ವೈದ್ಯರೂ ಇದ್ದರು. ಅವರೇ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಶಸ್ತ್ರವೈದ್ಯ ಕೆ. ಎನ್. ಉಡುಪ. ದಾಸವಾಳದ ಹೂವನ್ನು ಹುಳಿಗಂಜಿಯಲ್ಲಿ ಅರೆದು ಹಳೆಯ ಬೆಲ್ಲದ ಜೊತೆ ತಿಂದರೆ ಗರ್ಭ ನಿಲ್ಲದು ಎಂದು ಹಳೆಯ ಗ್ರಂಥಗಳಲ್ಲಿತ್ತು. 1970ರ ದಶಕದಲ್ಲಿ ಉಡುಪ ಮತ್ತು ಖೋಲ್ಕುಟೆ ಮೊದಲಾದವರು ಆ ಹೂವಿನ ಸಾರವನ್ನು ಹೆಣ್ಣು ಇಲಿಗಳಿಗೆ ಕೊಟ್ಟರು. ಇಲಿಗಳು ಗರ್ಭ ಧರಿಸಲಿಲ್ಲ. ಮುಂದೆ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗವೂ ಇಂತಹ ಹಲವು ಗಿಡಗಳನ್ನು ಪರೀಕ್ಷಿಸಿತು. ಸೆಣಬಿನ ಬೀಜದ ಸಾರ ಗಂಡು ಸುಂಡಿಲಿಗಳಲ್ಲಿ ವೀರ್ಯಾಣು ಉತ್ಪತ್ತಿಯನ್ನು ತಗ್ಗಿಸಿದ್ದನ್ನು 2004ರಲ್ಲಿ ವರದಿ ಮಾಡಿತು.

ಇಷ್ಟು ಗಿಡಗಳು ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಏಕೆ ಸೋತವು ಎಂಬುದರ ಹಿಂದಿನ ಜೀವಶಾಸ್ತ್ರ ಬಹಳ ಸೊಗಸಾದದ್ದು, ಸ್ವಲ್ಪ ನಿಂತು ನೋಡಬೇಕಾದದ್ದು. ಇಲಿಯಲ್ಲಿ ಕೂಡಿದ ನಾಲ್ಕನೆಯ ದಿನದ ಹೊತ್ತಿಗೆ ಭ್ರೂಣದ ಪುಟ್ಟ ಚೆಂಡು ಗರ್ಭಕೋಶ ತಲುಪುತ್ತದೆ. ಆದರೆ ಗೋಡೆಗೆ ಅಂಟಿಕೊಳ್ಳುವುದು ತಾಯಿಯ ಅಂಡಾಶಯದಿಂದ ಈಸ್ಟ್ರೋಜನ್ನಿನ ಒಂದು ಸಣ್ಣ ಅಲೆ ಬಂದ ಮೇಲೆಯೇ. ಆ ಅಲೆ ಬರದಿದ್ದರೆ ಭ್ರೂಣ ಕಾಯುತ್ತ ಕೂರುತ್ತದೆ. ಬೇಗ ಬಂದರೆ, ಅಥವಾ ಮಿತಿಮೀರಿ ಬಂದರೆ, ಗೋಡೆ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಿಡಗಳಲ್ಲಿ ಈಸ್ಟ್ರೋಜನ್ನಿನ ಹಾಗೆ ನಟಿಸುವ ಅಥವಾ ಅದಕ್ಕೆ ಅಡ್ಡ ಬರುವ ವಸ್ತುಗಳು ಧಾರಾಳವಾಗಿವೆ. ಕೂದಲೆಳೆಯಷ್ಟು ಸೂಕ್ಷ್ಮವಾದ ಈ ಇಲಿಯ ಏರ್ಪಾಡನ್ನು ಕೆಡಿಸಲು ಅಷ್ಟು ಸಾಕು. ಮನುಷ್ಯ ಹೆಣ್ಣಿನ ದೇಹದಲ್ಲಿ ಗರ್ಭ ನೆಲೆಯೂರಲು ಅಂತಹ ಒಂದೇ ಅಲೆಯ ಗಡಿಯಾರ ಕಂಡುಬಂದಿಲ್ಲ, ಅಲ್ಲಿ ಮುಖ್ಯ ಪಾತ್ರ ಪ್ರೊಜೆಸ್ಟೆರಾನಿನದು. ಇಲಿಯನ್ನು ಸೋಲಿಸಿದ ಹೂವಿನ ಮುಂದೆ ಆ ತಾಯಿ ಸೋಲಬೇಕಾಗಿಲ್ಲ.

ಇನ್ನೊಂದು ಅಂಶವನ್ನು ಪತ್ರಿಕೆಗಳ ‘ಮನೆಮದ್ದು’ ಅಂಕಣಗಳು ಸದಾ ಬಿಟ್ಟುಬಿಡುತ್ತವೆ. ದಾಸವಾಳದ ಪ್ರಯೋಗಗಳಲ್ಲಿ ಬಳಸಿದ್ದು ಬೆಂಜೀನಿನಲ್ಲಿ ತೆಗೆದ ಸಾರ. ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದಲ್ಲಿ ಎನ್. ಕೆ. ಲೋಹಿಯಾ ತಂಡ ಪರಂಗಿ ಬೀಜದ ಸಾರದಿಂದ ಗಂಡು ಮುಸುವಗಳ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಂತೆ ಮಾಡಿತು, ಔಷಧ ನಿಲ್ಲಿಸಿದ ಮೇಲೆ ಅವು ಮರಳಿ ಬಂದದ್ದನ್ನೂ ತೋರಿಸಿತು. ಅದು ಕ್ಲೋರೋಫಾರ್ಮಿನಲ್ಲಿ ತೆಗೆದ ಸಾರ. ವಾಯುವಿಳಂಗದ ಮುಖ್ಯ ವಸ್ತು ಎಂಬೆಲಿನ್ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಅಡುಗೆಮನೆಯಲ್ಲಿ ನೀರಿಗೆ ಹಾಕಿ ಕುದಿಸಿ ಸೋಸಿದ ಕಷಾಯಕ್ಕೂ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ಸಾರಕ್ಕೂ ಗಿಡದ ಹೆಸರೊಂದೇ ಸಮಾನ.

ವಾಯುವಿಳಂಗ, ಹಿಪ್ಪಲಿ, ಬಿಳಿಗಾರದ ಯೋಗದ ಕಥೆ ಹೆಚ್ಚು ಆತಂಕದ್ದು. ಅದಕ್ಕೆ ಗರ್ಭನಿರೋಧಕ ಗುಣ ಒಂದಿಷ್ಟು ಇರುವಂತೆ ಪ್ರಾಣಿಗಳಲ್ಲಿ ಕಂಡಿತ್ತು. ಆಗ ಕೇಳಬೇಕಾದ ಪ್ರಶ್ನೆಯನ್ನು ಮುಂಬೈಯ ಸಂತಾನಾರೋಗ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೇಳಿದರು: ಔಷಧ ಸೋತು ಗರ್ಭ ಮುಂದುವರಿದರೆ ಮಗುವಿನ ಗತಿ ಏನು? ಇಂತಹ ಅಧ್ಯಯನಗಳಲ್ಲಿ ಗರ್ಭದಲ್ಲಿದ್ದಾಗ ಈ ಔಷಧ ಸೋಕಿದ ಇಲಿಮರಿಗಳ ತೂಕ ಕಡಿಮೆಯಿತ್ತು, ಕೆಲವು ಭ್ರೂಣಗಳಲ್ಲಿ ಕರುಳು ಹೊಕ್ಕುಳಬಳ್ಳಿಯೊಳಕ್ಕೆ ಚಾಚಿಕೊಂಡಿತ್ತು. ಯಾವ ಗರ್ಭನಿರೋಧಕವೂ ನೂರಕ್ಕೆ ನೂರು ಗೆಲ್ಲುವುದಿಲ್ಲ. ಆದ್ದರಿಂದ ಸೋತಾಗಲೂ ನಿರಪಾಯಕಾರಿಯಾಗಿರುವುದು ಅದರ ಮೊದಲ ಅರ್ಹತೆ. ‘ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ’ ಎಂದು ಧೈರ್ಯವಾಗಿ ಮಾರುವವರು ಯಾರೂ ಈ ಪ್ರಶ್ನೆ ಎತ್ತುವುದಿಲ್ಲ.

ಪರಂಗಿಹಣ್ಣಿನ ಭಯಕ್ಕೂ ಇಲ್ಲೇ ಒಂದು ಮಾತು. ಸಿಂಗಪುರದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚೆನ್ನಾಗಿ ಮಾಗಿದ ಪರಂಗಿಯ ರಸ ಕುಡಿದ ಬಸಿರಿ ಇಲಿಗಳಿಗೆ ಏನೂ ಆಗಲಿಲ್ಲ. ಕಾಯಿಯ ಹಾಲಿನಂತಹ ಸೊನೆಯನ್ನು ಇಲಿಯ ಗರ್ಭಕೋಶದ ತುಂಡಿಗೆ ತಾಗಿಸಿದಾಗ ಮಾತ್ರ ಅದು ಜೋರಾಗಿ ಸೆಳೆತಕ್ಕೊಳಗಾಯಿತು. ಬಸವೇಶ್ವರನಗರದ ಸೊಸೆಯೊಬ್ಬಳು ಎರಡು ಹೋಳು ಹಣ್ಣು ತಿಂದಳೆಂದು ಮನೆಮಂದಿಯೆಲ್ಲ ಗಾಬರಿಯಾಗುವ ಅಗತ್ಯವಿಲ್ಲ. ಬಸಿರಿಯರು ಕಾಯಿ, ದೋರುಗಾಯಿಗಳಿಂದ ದೂರವಿರುವುದು ಒಳ್ಳೆಯದೇ. ಆದರೆ ಕಾಯಿ ತಿಂದು ಬಸಿರು ಇಳಿಸಿಕೊಳ್ಳುತ್ತೇನೆಂದು ಹೊರಟವಳು ನೆಚ್ಚಿಕೊಳ್ಳುವಂತಹದು ಅದರಲ್ಲಿಲ್ಲ.

ನಿಜಕ್ಕೂ ಕೆಲಸ ಮಾಡಿದ ಗಿಡ ಒಂದಾದರೂ ಇದೆಯೇ? ಇದೆ, ಹಾವೇರಿ-ರಾಯಚೂರಿನ ಹೊಲಗಳಲ್ಲೇ ಬೆಳೆಯುವ ಗಿಡ ಅದು. ಹತ್ತಿಬೀಜದ ಕಚ್ಚಾ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಚೀನಾದ ಹಳ್ಳಿಗಳಲ್ಲಿ ಮಕ್ಕಳೇ ಹುಟ್ಟದಿದ್ದುದನ್ನು ಬೆನ್ನಟ್ಟಿ ಹೋದಾಗ ಸಿಕ್ಕಿದ್ದು ಗಾಸಿಪಾಲ್ ಎಂಬ ಹಳದಿ ವಸ್ತು. 1970ರ ದಶಕದಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಗಂಡಸರು ಅದರ ಮಾತ್ರೆ ನುಂಗಿದರು. ನೂರಕ್ಕೆ 99ರಷ್ಟು ಮಂದಿಯಲ್ಲಿ ಅದು ಫಲಿಸಿತು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಕೈಕಾಲು ಸೋತವು. ಮಾತ್ರೆ ನಿಲ್ಲಿಸಿದ ಮೇಲೂ ಒಂದು ಪಾಲು ಗಂಡಸರಿಗೆ ವೀರ್ಯಾಣು ಮರಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಜಗತ್ತಿನ ಗಿಡಗಳನ್ನೆಲ್ಲ ಜಾಲಾಡಲು ಅದೇ ಸಂಸ್ಥೆ 1970ರ ದಶಕದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳನ್ನು ಒಟ್ಟುಗೂಡಿಸಿತ್ತು. ಆ ಶ್ರಮದಿಂದಲೂ ಒಂದು ಗರ್ಭನಿರೋಧಕ ಗಿಡಮೂಲಿಕೆ ಔಷಧ ಹೊರಬರಲಿಲ್ಲ. (ಅಂಗಡಿಯಲ್ಲಿ ಸಿಗುವ ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಯಿಂದ ಗಾಸಿಪಾಲನ್ನು ತೆಗೆದಿರುತ್ತಾರೆ, ಹೆದರಬೇಕಾಗಿಲ್ಲ.)

ಕನಸು ಕೊನೆಗೂ ನನಸಾದದ್ದು ಗೆಣಸಿನ ಜಾತಿಯ ಒಂದು ಕಾಡುಗೆಡ್ಡೆಯಿಂದ, ಅದೂ ಕಷಾಯದ ರೂಪದಲ್ಲಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದ ಆರಂಭದಲ್ಲಿ ಮೆಕ್ಸಿಕೊದ ಕಾಡುಗಳಲ್ಲಿ ಡಯಾಸ್ಕೋರಿಯ ಗೆಡ್ಡೆ ಹುಡುಕಿ, ಅದರ ಡಯಾಸ್ಜೆನಿನ್ ಎಂಬ ವಸ್ತುವನ್ನು ಪ್ರೊಜೆಸ್ಟೆರಾನ್ ಆಗಿ ಬದಲಿಸುವ ಹಾದಿ ಕಂಡುಕೊಂಡ. ಪ್ರಾಣಿಗಳ ಅಂಡಾಶಯಗಳಿಂದ ಮಿಲಿಗ್ರಾಂ ಲೆಕ್ಕದಲ್ಲಿ ಹಿಂಡುತ್ತಿದ್ದ ಹಾರ್ಮೋನು ಆಗಿನಿಂದ ಕಿಲೋಗ್ರಾಂ ಲೆಕ್ಕದಲ್ಲಿ ತಯಾರಾಯಿತು. 1951ರಲ್ಲಿ ಅದೇ ಮೆಕ್ಸಿಕೊದ ಸಿಂಟೆಕ್ಸ್ ಕಂಪನಿಯಲ್ಲಿ ಕಾರ್ಲ್ ಜೆರಾಸಿಯ ಮಾರ್ಗದರ್ಶನದಲ್ಲಿ ಯುವಕ ಲೂಯಿಸ್ ಮಿರಮೊಂಟೆಸ್ ನೊರೆಥಿಸ್ಟೆರಾನ್ ತಯಾರಿಸಿದ. ಬಾಯಿಂದ ನುಂಗಿದರೂ ಕೆಲಸ ಮಾಡುವ ಹಾರ್ಮೋನು ಅದು. 1960ರಲ್ಲಿ ಅಮೆರಿಕದಲ್ಲಿ ಮೊದಲ ಗರ್ಭನಿರೋಧಕ ಮಾತ್ರೆಗೆ ಪರವಾನಗಿ ಸಿಕ್ಕಿತು.

ಈ ಕಥೆಯ ಒಂದು ಎಳೆ ಬೆಂಗಳೂರಿನಲ್ಲಿದೆ. ನಗರದ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಧ್ಯ ಅಮೆರಿಕದ ಡಯಾಸ್ಕೋರಿಯ ಫ್ಲೋರಿಬಂಡವನ್ನು ತಂದು ನೆಟ್ಟು, ಆರಿಸಿ, ‘ಅರ್ಕಾ ಉಪಕಾರ್’ ಎಂಬ ತಳಿಯನ್ನು ಬಿಡುಗಡೆ ಮಾಡಿತು. ಹಾರ್ಮೋನು ಮಾತ್ರೆಗಳ ಕಚ್ಚಾವಸ್ತುವಿಗೆ ಪರದೇಶವನ್ನು ನೆಚ್ಚಬಾರದೆಂಬ ಕಾಳಜಿ ಅದರ ಹಿಂದಿತ್ತು. ಆ ಗೆಡ್ಡೆಯನ್ನು ಬೇಯಿಸಿ ತಿಂದರೆ ಬಸಿರು ತಪ್ಪುವುದಿಲ್ಲ. ಡಯಾಸ್ಜೆನಿನ್ನನ್ನು ಹಾರ್ಮೋನಾಗಿ ಬದಲಿಸುವ ಶಕ್ತಿ ಮನುಷ್ಯದೇಹಕ್ಕೆ ಇಲ್ಲವೇ ಇಲ್ಲ. ಪ್ರಯೋಗಾಲಯದ ಹಲವು ಹಂತಗಳನ್ನು ದಾಟಿದ ಮೇಲಷ್ಟೇ ಅದಕ್ಕೆ ಆ ಗುಣ ಬರುತ್ತದೆ.

ಆದರೆ ಕಷಾಯ ಕೇಳುವ ಹೆಣ್ಣುಮಗಳು ದಡ್ಡಿಯಲ್ಲ. ಅವಳಿಗೆ ಬೇಕಾದದ್ದು ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ತನ್ನ ಕೈಯಲ್ಲೇ ಇರುವ ಒಂದು ಉಪಾಯ. ಮೈಸೂರು ಸಂಸ್ಥಾನಕ್ಕೆ ಇದು ಬಹಳ ಬೇಗ ಅರ್ಥವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶ ಹೊರಟಿತು. ಸರ್ಕಾರವೇ ಇಂತಹ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಅದು ಮೊದಲು ಎನ್ನಲಾಗುತ್ತದೆ.

ಸ್ವಾತಂತ್ರ್ಯದ ನಂತರ ಕೆಂಗೇರಿಯಿಂದ ಮುಂದೆ ಮೈಸೂರು ರಸ್ತೆಯಲ್ಲಿರುವ ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತ್ತು. ಔಷಧವೂ ಬೇಡ, ಉಪಕರಣವೂ ಬೇಡ, ದಿನ ಎಣಿಸಿ ದೂರವಿದ್ದರೆ ಸಾಕು ಎಂಬ ವಿಧಾನವನ್ನು 1952ರಿಂದ ದೆಹಲಿಯ ಲೋದಿ ಕಾಲೊನಿಯಲ್ಲೂ ರಾಮನಗರದಲ್ಲೂ ಪರೀಕ್ಷಿಸಿದರು. ಎಣಿಕೆ ತಪ್ಪಬಾರದೆಂದು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಹಸಿರು ಮಣಿ ಬಂದರೆ ಭಯವಿಲ್ಲ, ಕೆಂಪು ಮಣಿ ಬಂದರೆ ಜೋಪಾನ. ದಿನಕ್ಕೊಂದು ಮಣಿ ಸರಿಸಬೇಕು. ಮಗು ಸರ ಹಿಡಿದೆಳೆದು ಆಡಿದರೆ ಲೆಕ್ಕ ಕೆಟ್ಟಿತು. ಕತ್ತಲಲ್ಲಿ ಬಣ್ಣ ಕಾಣದು. ಮುಟ್ಟು ಏರುಪೇರಾದವರಿಗೆ ಸರವೇ ಹೊಂದದು. ಎಲ್ಲಕ್ಕಿಂತ ಮಿಗಿಲಾಗಿ, ಕೆಂಪು ಮಣಿಯ ರಾತ್ರಿ ಗಂಡ ಒಪ್ಪಬೇಕು. ಆಸೆಯಿಂದ ಸರ ಪಡೆದವರು ಬಹಳ, ಕೊನೆಯವರೆಗೆ ಪಾಲಿಸಿದವರು ಬೆರಳೆಣಿಕೆ. ಆ ಹೆಂಗಸರು ಸೋತರು ಎನ್ನುವುದು ತಪ್ಪು. ಅವರ ಮನೆಯ ಪರಿಸ್ಥಿತಿಗೆ ಹೊಂದದ ಉಪಾಯ ಅವರ ಕೈಗೆ ಬಂದಿತ್ತು.

ಬೇಕಾದ ಉಪಾಯಕ್ಕೂ ಕೈಗೆ ಬರುವ ಉಪಾಯಕ್ಕೂ ನಡುವಿನ ಆ ಅಂತರ ಇಂದಿಗೂ ಪೂರ್ತಿ ಮುಚ್ಚಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮಾತ್ರೆ, ವಂಕಿ, ನಿರೋಧ್ ಬಳಸುವವರೂ ಕೆಲವರೇ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೊಸ ಮದುವೆಯ ಹುಡುಗಿಗೆ ಮೊದಲ ಹೆರಿಗೆ ಮುಂದೂಡಬೇಕೆನಿಸಿದರೆ, ಎರಡು ಮಕ್ಕಳ ನಡುವೆ ಅಂತರ ಬೇಕೆನಿಸಿದರೆ, ‘ಆಪರೇಷನ್’ ಉತ್ತರವಲ್ಲ. ಕಷಾಯ ಉಳಿದುಕೊಂಡಿರುವುದು ಈ ನಡುವಿನ ವರ್ಷಗಳಲ್ಲಿ.

ಆ ವರ್ಷಗಳಿಗೆ ಹೊಂದುವ ಔಷಧ ದೇಶದಲ್ಲೇ ಹುಟ್ಟಿದೆ, ಆದರೆ ಅದರ ಹೆಸರು ಗೊತ್ತಿರುವವರು ಕಡಿಮೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ವರ್ಷಗಟ್ಟಲೆ ದುಡಿದು ರೂಪಿಸಿದ ಸೆಂಟ್‌ಕ್ರೋಮನ್ 1991ರಲ್ಲಿ ‘ಸಹೇಲಿ’ಯಾಗಿ ಬಂತು, ಈಗ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ‘ಛಾಯಾ’ ಹೆಸರಿನಲ್ಲಿ ಉಚಿತ. ಅದರಲ್ಲಿ ಸ್ಟೀರಾಯ್ಡ್ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಮಾತ್ರೆ, ಆಮೇಲೆ ವಾರಕ್ಕೆ ಒಂದು. ಮೂರು ತಿಂಗಳಿಗೊಮ್ಮೆ ಚುಚ್ಚುವ ‘ಅಂತರಾ’ ಇಂಜೆಕ್ಷನ್ನೂ ಅಲ್ಲೇ ಉಚಿತ, ಅದರ ಗುರುತು ಮನೆಯ ಯಾವ ಕಪಾಟಿನಲ್ಲೂ ಉಳಿಯದು. ಯಾವುದು ಯಾರಿಗೆ ಸರಿ ಎಂದು ಹೇಳಲು ವೈದ್ಯರು, ಆಶಾ ಕಾರ್ಯಕರ್ತೆಯರು ಇದ್ದಾರೆ.

ಮುಟ್ಟು ತಪ್ಪಿದ್ದರೆ ಕಷಾಯ ಕುಡಿದು ಕಾಯುವುದರಲ್ಲಿ ಒಂದು ಕಾಣದ ಅಪಾಯವಿದೆ. ಗರ್ಭ ಕೆಲವೊಮ್ಮೆ ಗರ್ಭಕೋಶದ ಹೊರಗೆ, ನಳಿಕೆಯಲ್ಲೇ ಕಟ್ಟುತ್ತದೆ. ಯಾವ ಕಷಾಯವೂ ಅದನ್ನು ಇಳಿಸದು. ದಿನ ಕಳೆದಂತೆ ನಳಿಕೆ ಒಡೆದು ಹೊಟ್ಟೆಯೊಳಗೆ ರಕ್ತ ಸುರಿದು ಗಂಟೆಗಳಲ್ಲೇ ಪ್ರಾಣ ಹೋಗಬಹುದು. ಅದನ್ನು ಮೊದಲೇ ಹಿಡಿಯಲು ಒಂದು ಮೂತ್ರಪರೀಕ್ಷೆ, ಒಂದು ಸ್ಕ್ಯಾನ್ ಬೇಕು. ಭಾರತದಲ್ಲಿ ಗರ್ಭಪಾತ 1971ರ ಕಾಯ್ದೆಯ ಚೌಕಟ್ಟಿನೊಳಗೆ ಕಾನೂನುಬದ್ಧ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಪ್ರಾಪ್ತ ವಯಸ್ಸಿನವಳಿಗೆ ಗಂಡನ ಸಹಿಯಾಗಲಿ, ಅತ್ತೆಯ ಅನುಮತಿಯಾಗಲಿ ಬೇಕಿಲ್ಲ. ಗರ್ಭನಿರೋಧಕ ಸೋತದ್ದನ್ನು ಕಾರಣವಾಗಿ ಹೇಳಲು ಮೊದಲು ವಿವಾಹಿತೆಯಾಗಿರಬೇಕಿತ್ತು, 2021ರ ತಿದ್ದುಪಡಿ ಅದನ್ನು ಯಾವುದೇ ಮಹಿಳೆಗೆ ಮತ್ತು ಅವಳ ಸಂಗಾತಿಗೆ ವಿಸ್ತರಿಸಿತು. ಅದೇ ತಿದ್ದುಪಡಿಯ ಇನ್ನೊಂದು ಕಲಮಿನ ಪ್ರಕಾರ, ಚಿಕಿತ್ಸೆ ಪಡೆದವಳ ಹೆಸರು, ವಿವರಗಳನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ, ಅಥವಾ ಎರಡೂ ಆಗಬಹುದು.